ಪ್ರತಿಕ್ರಿಯೆ: ಬಂದರಿನಲ್ಲಿ ಸಿಕ್ಕಿಕೊಂಡ ಕಂಟೇನರಿಗೆ 49ನೇ ಕಲಂ

ಶಿರಸಿಗೆ ತರಿಸಿದ ಯಂತ್ರ ಮಂಗಳೂರು ಬಂದರಿನಲ್ಲೇ ಉಳಿದು ಬಾಡಿಗೆ ಏರುತ್ತಿದೆ, ಕಾನೂನಿನಲ್ಲಿ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. 1962ರ ಕಸ್ಟಮ್ಸ್ ಕಾಯ್ದೆಯ 49ನೇ ಕಲಮಿನಡಿ ಸಹಾಯಕ ಆಯುಕ್ತರಿಗೆ ಅರ್ಜಿ ಕೊಡಿ. ಕ್ಲಿಯರೆನ್ಸ್ (ಸರಕು ಬಿಡಿಸಿಕೊಳ್ಳಲು ಕಸ್ಟಮ್ಸ್ ಒಪ್ಪಿಗೆ) ಆಗುವ ತನಕ, 30 ದಿನದವರೆಗೆ, ಸರಕನ್ನು ಸಾರ್ವಜನಿಕ ಗೋದಾಮಿನಲ್ಲಿಡಲು ಅವರು ಅನುಮತಿ ಕೊಡಬಹುದು. ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರ ಕಸ್ಟಮ್ಸ್‌ಗೆ ಕೊಡುವ ಪತ್ರ, ಮೊದಲೇ ಸಲ್ಲಿಕೆಯಾಗಿರಬೇಕು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಏರುವ ಬಾಡಿಗೆ ಎರಡು ಬಗೆ: ಡೆಮರೇಜ್ ಬಂದರಿನ ಜಾಗಕ್ಕೆ ಕೊಡುವುದು, ಡಿಟೆನ್ಷನ್ ಹಡಗು ಕಂಪನಿಯ ಕಂಟೇನರನ್ನು ಇಟ್ಟುಕೊಂಡದ್ದಕ್ಕೆ ಕೊಡುವುದು. ಗೋದಾಮಿನಲ್ಲಿ ಸರಕು ಇಳಿಸಿ, ಖಾಲಿ ಕಂಟೇನರನ್ನು ಕಂಪನಿಯ ಯಾರ್ಡಿಗೆ ಒಪ್ಪಿಸಿದ ಮೇಲೆಯೇ ಎರಡನೆಯದು ನಿಲ್ಲುತ್ತದೆ. ಒಪ್ಪಿಸಿದ ರಸೀದಿ ಜೋಪಾನವಾಗಿಡಿ.

ದಯವಿಟ್ಟು ತಡಮಾಡಬೇಡಿ. ಹಡಗಿನಿಂದ ಇಳಿದ 30 ದಿನದೊಳಗೆ ತೆರವಾಗದ ಸರಕನ್ನು ನಿಮಗೆ ನೋಟಿಸ್ ಕೊಟ್ಟು, ಕಸ್ಟಮ್ಸ್ ಅನುಮತಿ ಪಡೆದು ಮಾರಲು, ಅದನ್ನು ವಶದಲ್ಲಿಟ್ಟುಕೊಂಡವರಿಗೆ ಇದೇ ಕಾಯ್ದೆಯ 48ನೇ ಕಲಮಿನಲ್ಲಿ ಅವಕಾಶವಿದೆ.