ಓದುಗರ ಪ್ರಶ್ನೆ: ಗುತ್ತಿನ ಮನೆಯಲ್ಲಿ ಪತ್ತೇದಾರಿ ಕಾದಂಬರಿ

ಪ್ರಶ್ನೆ: ಮೇಡಂ, ಹಳೇ ಬಂಗಲೆ, ಬೀಗ ಹಾಕಿದ ಕೋಣೆ, ಮನೆತನದ ಗುಟ್ಟು ಇರುವ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳೆಂದರೆ ನನಗೆ ಹುಚ್ಚು. ಈಗ ನಮ್ಮ ಅಮ್ಮನ ಗುತ್ತಿನ ಮನೆಯನ್ನೇ (ತುಳುನಾಡಿನ ಹಳೇ ಜಮೀನ್ದಾರಿ ಮನೆ) ಇಟ್ಟುಕೊಂಡು ಕನ್ನಡದಲ್ಲಿ ಒಂದು ಬರೆಯುತ್ತಿದ್ದೇನೆ. 1940ರ ಸುಮಾರಿನ ಕಥೆ. ಯಜಮಾನರು ಗುಟ್ಟಾಗಿ ಇನ್ನೊಂದು ಮದುವೆಯಾಗಿರುತ್ತಾರೆ, ಆ ಮಗ ಬಂದು ಆಸ್ತಿ ಕೇಳುತ್ತಾನೆ, ಅಲ್ಲಿಂದ ಕೊಲೆ. ಅಜ್ಜಿಗೆ ಓದಿ ಹೇಳಿದೆ. "ಇದು ನಮ್ಮ ಮನೆಯಲ್ಲಿ ಆಗುವ ಮಾತೇ ಅಲ್ಲ" ಅಂದುಬಿಟ್ಟರು. ಎಲ್ಲಿ ತಪ್ಪಿದೆ?
– ಓದುಗರು, ಕಾರ್ಕಳ

ಉತ್ತರ: ಅಜ್ಜಿ ಹೇಳಿದ್ದು ಸರಿ. ನೀವು ಮನೆ ನಮ್ಮದು ತೆಗೆದುಕೊಂಡಿದ್ದೀರಿ, ಗುಟ್ಟು ಇಂಗ್ಲೆಂಡಿನದ್ದು.

ಅಲ್ಲಿ ಮನೆ, ಜಮೀನು ಎಲ್ಲ ಹಿರಿಯ ಮಗನಿಗೆ ಹೋಗುತ್ತಿತ್ತು. ಉಯಿಲು ಬರೆಯದೆ ಸತ್ತವರ ಜಮೀನೆಲ್ಲ ಹಿರಿಯ ಮಗನಿಗೇ ಎಂಬ ಕಾನೂನು ಹೋದದ್ದು 1925ರ ಕಾಯ್ದೆಯಿಂದ. ಹಾಗಾಗಿ ಅಪ್ಪ ಅಮ್ಮನ ಮದುವೆ ಆಗಿತ್ತಾ ಇಲ್ಲವಾ ಅನ್ನುವ ಒಂದೇ ಪ್ರಶ್ನೆಯ ಮೇಲೆ ಇಡೀ ಎಸ್ಟೇಟು ನಿಂತಿರುತ್ತಿತ್ತು. 1860ರಲ್ಲಿ ಪುಸ್ತಕವಾಗಿ ಬಂದ ವಿಲ್ಕಿ ಕಾಲಿನ್ಸ್‌ನ 'ದಿ ವುಮನ್ ಇನ್ ವೈಟ್' ಓದಿರುತ್ತೀರಿ. (ಓದದವರು ಈ ಸಾಲು ಬಿಟ್ಟು ಮುಂದೆ ಹೋಗಿ: ಅದರಲ್ಲಿ ದೊಡ್ಡ ಮನುಷ್ಯನ ಗುಟ್ಟೆಲ್ಲ ಇರುವುದು ಚರ್ಚಿನ ಮದುವೆ ಪುಸ್ತಕದ ಒಂದು ಕಳ್ಳ ದಾಖಲೆಯಲ್ಲಿ.)

ನಿಮ್ಮದು ಅಳಿಯಸಂತಾನದ ಮನೆ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿದ್ದ ಮನೆ, ಅಲ್ವಾ? ಯಜಮಾನರ ಮಗ ಅವನ ತಾಯಿಯ ಮನೆಗೆ ಸೇರಿದವನು. ಅವರು ಎಷ್ಟು ಗುಟ್ಟಿನ ಮದುವೆ ಮಾಡಿಕೊಂಡರೂ ಕುಟುಂಬದ ಆಸ್ತಿಯಲ್ಲಿ ಆ ಮಗನಿಗೆ ಪಾಲಿಲ್ಲ, ನಿಮ್ಮ ಮನೆಯ ಒಂದು ಹಂಚೂ ಅಲುಗುವುದಿಲ್ಲ. ಮತ್ತೆ ಕೊಲೆ ಯಾಕೆ ಮಾಡುತ್ತಾನೆ?

ಗುಟ್ಟನ್ನು ಹೆಂಗಸರ ಕಡೆ ಹುಡುಕಿ. ಯಾರು ಯಾರ ಮಗಳು ಅನ್ನುವುದೇ ಇಲ್ಲಿ ಆಸ್ತಿ. ಹೆಣ್ಣು ಸಂತಾನ ಇಲ್ಲದಿದ್ದರೆ ಆ ಕವರು (ಒಬ್ಬ ತಾಯಿಯಿಂದ ಇಳಿದ ಕವಲು) ಅಲ್ಲಿಗೇ ನಿಂತುಹೋಗುತ್ತದೆ. ಹಾಗಿರುವಾಗ ಒಂದು ಮಳೆಗಾಲದ ರಾತ್ರಿ ಬಾಣಂತಿ ಕೋಣೆಯಲ್ಲಿ ಒಂದು ಹೆಣ್ಣುಮಗು ತೀರಿಹೋಗಿ, ಬೆಳಗಾಗುವುದರೊಳಗೆ ಇನ್ನೊಂದು ಮಗು ಅದೇ ತೊಟ್ಟಿಲಿಗೆ ಬಂದಿದ್ದರೆ? ಅದು ಗೊತ್ತಿದ್ದದ್ದು ಹೆರಿಗೆ ಮಾಡಿಸಿದವಳಿಗೆ ಒಬ್ಬಳಿಗೇ ಆದರೆ? ಇನ್ನೊಂದು ವಿಷಯ. 1949ರ ಅಳಿಯಸಂತಾನ ಕಾಯ್ದೆ ಬರುವವರೆಗೆ, ಎಲ್ಲರೂ ಒಪ್ಪದೆ ಯಾರೂ ಪಾಲು ಕೇಳುವ ಹಾಗಿರಲಿಲ್ಲ. ಮಾತು ಬಿಟ್ಟ ಅಕ್ಕತಂಗಿಯರೂ ಅದೇ ಸೂರಿನಡಿ, ಅದೇ ಬಾವಿಯ ನೀರು ಸೇದಿಕೊಂಡು, ಒಂದು ಒಲೆಯನ್ನು ಎರಡು ಮಾಡಿಕೊಂಡು ಇಪ್ಪತ್ತು ಮೂವತ್ತು ವರ್ಷ ಬದುಕಬೇಕಿತ್ತು. ಇದಕ್ಕಿಂತ ಉಸಿರು ಕಟ್ಟುವ ಮನೆ ಯಾವ ಇಂಗ್ಲಿಷ್ ಕಾದಂಬರಿಯಲ್ಲಿದೆ ಹೇಳಿ.

ಕಥೆಯನ್ನು 1974ರವರೆಗೆ ಎಳೆದರೆ ಇನ್ನೂ ಒಳ್ಳೆಯದು. ಭೂಸುಧಾರಣೆ ಬಂತು, ಒಕ್ಕಲುಗಳು ಗೇಣಿ ಜಮೀನು ತಮಗೆ ಸಿಗಬೇಕೆಂದು ಡಿಕ್ಲರೇಶನ್ ಹಾಕಿದರು. ಯಾರ ಹೆಸರಿನಲ್ಲಿ ಹಾಕಿದರು, ಹಳೇ ಗೇಣಿ ಚೀಟಿ ಯಾರ ಪೆಟ್ಟಿಗೆಯಿಂದ ಕಾಣೆಯಾಯಿತು – ನಿಮ್ಮ ಪತ್ತೇದಾರನಿಗೆ ಬೇಕಾದಷ್ಟು ಕೆಲಸ ಇದೆ.

ನನ್ನ ಅಮ್ಮನ ಮನೆಯದ್ದೊಂದು ಹೇಳುತ್ತೇನೆ. ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ಅಲ್ಲಿ ಒಂದು ಎಲೆ ಜಾಸ್ತಿ ಇರುತ್ತಿತ್ತು. ಇದು ಯಾರದ್ದು ಅಂತ ಕೇಳಿದರೆ ದೊಡ್ಡಮ್ಮ "ಸುಮ್ನೆ ಬಡಿಸು" ಅನ್ನುತ್ತಿದ್ದರು. ದೊಡ್ಡಮ್ಮ ಹೋದರು. ನನಗೆ ಇವತ್ತಿಗೂ ಗೊತ್ತಾಗಲಿಲ್ಲ. ನಿಮ್ಮ ಅಜ್ಜಿ ಇದ್ದಾರೆ, ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಕೊನೆಗೆ ಮನೆಯ ದೈವಕ್ಕೆ ನಡೆಸುವ ನೇಮದ (ಭೂತಕೋಲದ) ರಾತ್ರಿ ದೈವದ ನುಡಿಯಲ್ಲಿ ಕೊಲೆಗಾರ ಯಾರೆಂದು ಹೊರಬಂದರೆ ಹೇಗಿರುತ್ತದೆ?

ಉತ್ತರ: ಬೇಡ. ನೇಮ ಇಡಿ, ಅದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ. ಮುಂಬೈಯಲ್ಲಿದ್ದವರು, ಮಾತು ಬಿಟ್ಟವರು, ಎಲ್ಲರೂ ಆ ರಾತ್ರಿ ಚಾವಡಿಗೆ ಬರಲೇಬೇಕು. ಆದರೆ ಉತ್ತರ ಮನುಷ್ಯರೇ ಹುಡುಕಲಿ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಿದ್ದರು. ಅಮಾನುಷ ಶಕ್ತಿಯಿಂದ ಗುಟ್ಟು ಬಿಡಿಸಬಾರದು ಅನ್ನುವುದು ಅದರಲ್ಲಿ ಒಂದು. ಗುಪ್ತ ಕೋಣೆ ಒಂದಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ಇನ್ನೊಂದು. ನಿಯಮ ಹಾಗಿರಲಿ, ನಮ್ಮವರು ನಂಬಿ ಕೈಮುಗಿಯುವ ದೈವವನ್ನು ಕಥೆ ಮುಗಿಸುವ ಉಪಾಯವಾಗಿ ಬಳಸುವುದು ನನಗೆ ಸರಿ ಕಾಣುವುದಿಲ್ಲ. ತಪ್ಪು ಮಾಡಿದವನು ದೈವದ ಮುಂದೆ ನಿಲ್ಲಲು ಹೆದರಿ ಹಿಂದೆ ಸರಿಯಲಿ, ಅದನ್ನು ಒಬ್ಬ ಹುಡುಗಿ ನೋಡಲಿ. ಅಷ್ಟು ಸಾಕು.

ಪ್ರಶ್ನೆ: ನಮ್ಮ ಮನೆಯ ಉಪ್ಪರಿಗೆ ಬಿಚ್ಚಿಯಾಗಿದೆ. ಹಳೇ ಮನೆ ಒಳಗಿಂದ ನೋಡಬೇಕಾದರೆ ಎಲ್ಲಿ ಹೋಗಲಿ?

ಉತ್ತರ: ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ. ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಡಿಬಿಡಿಯಾಗಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕುಂಜೂರು ಚೌಕಿ ಮನೆಯ ನಡು ಅಂಗಳದ ಪಕ್ಕ ಸ್ವಲ್ಪ ಹೊತ್ತು ನಿಲ್ಲಿ. ಯಾವ ಬಾಗಿಲಿಂದ ನೋಡಿದರೆ ಯಾವ ಕೋಣೆ ಕಾಣುತ್ತದೆ, ಯಾವುದು ಕಾಣುವುದಿಲ್ಲ ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ.