ಗೀರು ಬಿದ್ದ ರೆಕಾರ್ಡ್ ಬಿಸಾಡಲೇ?

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ಎಲ್‌ಪಿ ರೆಕಾರ್ಡ್‌ಗಳು (ಪ್ಲೇಯರಿನಲ್ಲಿ ತಿರುಗಿಸಿ ಕೇಳುವ ಹಾಡಿನ ತಟ್ಟೆಗಳು) ನನ್ನ ಪಾಲಿಗೆ ಬಂದವು. ಅವರಿಗೆ ತುಂಬಾ ಇಷ್ಟವಾದ ಒಂದರಲ್ಲಿ ಗೀರು ಬಿದ್ದು ಟಿಕ್ ಟಿಕ್ ಸದ್ದು ಬರುತ್ತದೆ. ಅದರದ್ದೇ ಹೊಸ ಪ್ರತಿ ತಂದಿದ್ದೇನೆ. ಹಳೆಯದನ್ನು ಬಿಸಾಡು ಅಂತಾರೆ ಮನೆಯವರು. ನನಗೆ ಮನಸ್ಸೇ ಬರುತ್ತಿಲ್ಲ. ಹಾಡು ಒಂದೇ ಅಲ್ವಾ?

ಉತ್ತರ: ಹಾಡು ಒಂದೇ ಇರಬಹುದು. ಆದರೂ ದಯವಿಟ್ಟು ಬಿಸಾಡಬೇಡಿ.

ನನ್ನ ಅಕ್ಕನ ರೆಕಾರ್ಡ್ ಒಂದು ನನ್ನ ಹತ್ತಿರ ಇದೆ. ಚಿಕ್ಕವನಿದ್ದಾಗ ಓಡಿಬಂದು ಪ್ಲೇಯರ್ ಇಟ್ಟಿದ್ದ ಮೇಜಿಗೆ ಡಿಕ್ಕಿ ಹೊಡೆದೆ, ರೆಕಾರ್ಡ್ ಮೇಲೆ ಓಡುತ್ತಿದ್ದ ಮುಳ್ಳು ಎಗರಿ ಎರಡನೇ ಹಾಡಿನ ನಡುವೆ ಗೀರಿಬಿಟ್ಟಿತು. ಅಕ್ಕ ಬೈಯಲಿಲ್ಲ. ರೆಕಾರ್ಡನ್ನು ಎರಡೂ ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ ತುಂಬಾ ಹೊತ್ತು ನೋಡಿದಳು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡ್. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿಗೂ ಮುಳ್ಳಿಗೆ ಸಿಗುತ್ತದೆ. ಟಿಕ್ ಸದ್ದೂ ಅದೇ ಲೆಕ್ಕದಲ್ಲಿ ಬರುತ್ತದೆ. ನಮ್ಮದರಲ್ಲಿ ಹನ್ನೊಂದು ಸಲ. ಅದೇ ಹಾಡು ಫೋನಿನಲ್ಲಿ ಬಂದರೆ, ಆ ಜಾಗದಲ್ಲಿ ಈಗಲೂ ನನ್ನ ಕಿವಿ ಟಿಕ್‌ಗೆ ಕಾಯುತ್ತದೆ.

ಫೋನಿನಲ್ಲಿ ಸಾವಿರ ಸಲ ಕೇಳಿದರೂ ಹಾಡಿಗೆ ಏನೂ ಆಗುವುದಿಲ್ಲ. ರೆಕಾರ್ಡ್ ಹಾಗಲ್ಲ. ಮುಳ್ಳಿನ ತುದಿ ವಜ್ರ, ರೆಕಾರ್ಡ್ ಪ್ಲಾಸ್ಟಿಕ್. ಕೇಳಿದಷ್ಟೂ ಮುಳ್ಳು ಓಡುವ ಹಾಡಿನ ಗೆರೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಅಪ್ಪನ ರೆಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಜಾಸ್ತಿ ಸವೆದ ಕಡೆ ಕಪ್ಪು ಹೊಳಪು ಹೋಗಿ ಬೂದು ಬಣ್ಣ ಕಾಣಬಹುದು. ಅವರು ಮತ್ತೆ ಮತ್ತೆ ಹಾಕಿಕೊಂಡ ಹಾಡು ಅದೇ ಇರಬೇಕು. ಕವರನ್ನೂ ನೋಡಿ. ಒಳಗಿನ ರೆಕಾರ್ಡ್ ಒತ್ತಿ ಒತ್ತಿ ದುಂಡಗೆ ಗುರುತು ಬಿದ್ದಿರುತ್ತದೆ. ಹಿಡಿದ ಕಡೆ ಮೂಲೆ ಮೆತ್ತಗಾಗಿರುತ್ತದೆ. ಹಿಡಿದ ಕೈ ಅಪ್ಪನದು.

ಕಾಪಾಡಿಕೊಳ್ಳುವುದು ಕಷ್ಟವೇನಲ್ಲ. ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲು ತಾಗಿದರೆ ಸೊಟ್ಟಗಾಗುತ್ತದೆ. ಒಳಗಿನ ಕಾಗದದ ಚೀಲ ಹರಿದಿದ್ದರೆ ಹೊಸದು ಹಾಕಿ, ಹಳೆಯದೂ ಕವರಿನಲ್ಲೇ ಇರಲಿ. ಸವೆದ ಮುಳ್ಳಿನಲ್ಲಿ ಮಾತ್ರ ಹಾಕಬೇಡಿ, ಅದು ಗೆರೆಯನ್ನೇ ಕೆರೆದುಬಿಡುತ್ತದೆ. ಗೀರನ್ನು ಉಜ್ಜಿ ತೆಗೆಯಲು ಹೋಗಬೇಡಿ.

ದಿನಾ ಕೇಳಲು ಹೊಸ ಪ್ರತಿ ಇದೆಯಲ್ಲ. ಅಪ್ಪ ತುಂಬಾ ನೆನಪಾದ ದಿನ ಹಳೆಯದನ್ನೇ ಹಾಕಿ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗೀರಿನ ಜಾಗ ಬಂತು ಅಂತ ಎದ್ದು ಮುಳ್ಳು ಎತ್ತಬೇಡಿ.