ಮೂರೂಮುಕ್ಕಾಲರ ಎಚ್ಚರ

ನಿದ್ದೆಯ ತೊಂದರೆಗೆ ಸಲಹೆ ಕೇಳಿ ನನ್ನ ಹತ್ತಿರ ಬಂದ ಆ ಮಹಿಳೆ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಚೀಲದಿಂದ ಒಂದು ರಕ್ತ ಪರೀಕ್ಷೆಯ ವರದಿ ತೆಗೆದರು. ಒಂದು ಸಾಲಿಗೆ ಹಳದಿ ಪೆನ್ನಿನಲ್ಲಿ ಗುರುತು ಹಾಕಿದ್ದರು. ಕಾರ್ಟಿಸಾಲ್, 19. "ನೋಡಿ, ಒತ್ತಡದ ಹಾರ್ಮೋನು ಇಷ್ಟಿದೆ. ಇದೇ ನನ್ನನ್ನ ತಿಂತಾ ಇರೋದು" ಅಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು ನಲವತ್ತೈದು ದಾಟಿದೆ ಅಂತಷ್ಟೇ ಹೇಳುತ್ತೇನೆ. ಕಷ್ಟ ಒಂದೇ. ಐದು ತಿಂಗಳಿಂದ ದಿನಾ ಬೆಳಗಿನ ಜಾವ ಮೂರೂಮುಕ್ಕಾಲಿಗೆ ಎಚ್ಚರ. ಎದೆ ಡವಡವ ಅನ್ನುತ್ತದೆ. ಮತ್ತೆ ನಿದ್ದೆ ಬರುವುದಿಲ್ಲ. ಯಾವುದೋ ವಿಡಿಯೋ ನೋಡಿ, ಕಾರ್ಟಿಸಾಲ್ ಜಾಸ್ತಿಯಾದರೆ ಹೀಗಾಗುತ್ತದೆ ಅಂತ ತಿಳಿದುಕೊಂಡು, ತಾವೇ ಹೋಗಿ ಪರೀಕ್ಷೆ ಮಾಡಿಸಿದ್ದರು.

"ರಕ್ತ ಎಷ್ಟು ಹೊತ್ತಿಗೆ ಕೊಟ್ಟಿರಿ?" ಅಂತ ಕೇಳಿದೆ.

"ಬೆಳಿಗ್ಗೆ ಎಂಟಕ್ಕೆ."

ಎಂಟು ಗಂಟೆಗೆ ಅದು ಮೇಲೇ ಇರಬೇಕು. ಇಲ್ಲದಿದ್ದರೆ ವೈದ್ಯರಿಗೆ ಚಿಂತೆ ಹತ್ತುತ್ತದೆ. ವರದಿಯ ಪಕ್ಕದಲ್ಲೇ ಮುದ್ರಿಸಿದ್ದ ಮಿತಿಯೊಳಗೇ ಅವರ ಅಂಕಿ ಇತ್ತು. ಹಳದಿ ಗುರುತು ಬಿದ್ದದ್ದು ಬರೀ ಅಂಕಿಯ ಮೇಲೆ, ಮಿತಿಯ ಮೇಲಲ್ಲ.

ಕಾಗದ ತಿರುಗಿಸಿ ಹಿಂಬದಿಯಲ್ಲಿ ಒಂದು ಗೆರೆ ಎಳೆದೆ. ಕಾರ್ಟಿಸಾಲ್ ಮಧ್ಯರಾತ್ರಿಯ ಆಸುಪಾಸು ತಳ ಮುಟ್ಟುತ್ತದೆ. ಎರಡು ಮೂರು ಗಂಟೆ ಹೊತ್ತಿಗೆ ಮೆಲ್ಲಗೆ ಏರಲು ಶುರು. ಏಳುವ ಹೊತ್ತಿಗೆ ಸಾಕಷ್ಟು ಮೇಲೆ ಬಂದಿರುತ್ತದೆ. ಎದ್ದ ಮೇಲೂ ಅರ್ಧ ಮುಕ್ಕಾಲು ಗಂಟೆ ಇನ್ನೊಂದು ಏರು. ಆಮೇಲೆ ದಿನವಿಡೀ ಇಳಿಯುತ್ತಾ ಹೋಗುತ್ತದೆ. ಅದೂ ನೇರ ಗೆರೆಯಲ್ಲ. 1971ರಲ್ಲಿ ಎಲಿಯಟ್ ವೈಟ್ಜ್‌ಮನ್ ಮತ್ತು ಜೊತೆಗಾರರು ಇಡೀ 24 ಗಂಟೆ ಮತ್ತೆ ಮತ್ತೆ ರಕ್ತ ತೆಗೆದು ನೋಡಿದಾಗ, ಈ ಹಾರ್ಮೋನು ಅಲೆ ಅಲೆಯಾಗಿ ಬಿಟ್ಟು ಬಿಟ್ಟು ಸುರಿಯುತ್ತದೆ ಅನ್ನುವುದು ಕಂಡಿತು. ಹಾಗಿರುವಾಗ ಒಂದು ಹೊತ್ತಿನ ಒಂದು ಅಂಕಿ ಒಬ್ಬರ ಒತ್ತಡದ ಇಡೀ ಕಥೆ ಹೇಳೋಕಾಗಲ್ಲ, ಅಲ್ವಾ?

ಒತ್ತಡದ ಹಾರ್ಮೋನು ಅನ್ನುವ ಹೆಸರೇ ಅದಕ್ಕೆ ಅನ್ಯಾಯ ಮಾಡಿದೆ ಅಂತ ನನಗೆ ಅನಿಸುತ್ತದೆ. ದಿನ ಶುರುವಾಗುವ ಮೊದಲೇ ಸಕ್ಕರೆ, ರಕ್ತದೊತ್ತಡ, ಎಚ್ಚರ ಎಲ್ಲವನ್ನೂ ಅಣಿ ಮಾಡಿಡುವುದು ಅದರ ಕೆಲಸ. ಅದು ಇಲ್ಲದೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ.

ಅವರು ಗೆರೆಯನ್ನೇ ನೋಡುತ್ತಿದ್ದರು. ಆಗ ಕೇಳಿದೆ: "ಸರಿಯಾಗಿ ಮೂರೂಮುಕ್ಕಾಲೇ ಯಾಕೆ? ಮೂರೂವರೆ ಅಲ್ಲ, ನಾಲ್ಕೂಕಾಲು ಅಲ್ಲ."

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾಲ್ಕಕ್ಕೆ ಅಪ್ಪನಿಗೆ ಮಾತ್ರೆ ಕೊಡಬೇಕಿತ್ತು" ಅಂದರು.

ತಂದೆ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಆರು ಗಂಟೆಗೊಮ್ಮೆ ನೋವಿನ ಮಾತ್ರೆ. ಹತ್ತು, ನಾಲ್ಕು, ಹತ್ತು, ನಾಲ್ಕು. "ಅಲಾರಾಂ ಬಡಿದರೆ ಬೆಚ್ಚಿಬೀಳ್ತಿದ್ರು. ಅದಕ್ಕೇ ನಾನೇ ಮೊದಲು ಎದ್ದು ಅದನ್ನ ಆರಿಸ್ತಿದ್ದೆ. ನೀರು ಬೆಚ್ಚಗೆ ಮಾಡ್ತಿದ್ದೆ." ತಂದೆ ತೀರಿಕೊಂಡು ಐದು ತಿಂಗಳಾಗಿತ್ತು.

1999ರಲ್ಲಿ ಜರ್ಮನಿಯ ಯಾನ್ ಬಾರ್ನ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಯೋಗ ಪ್ರಕಟಿಸಿದರು. ಮಲಗುವವರಿಗೆ ಕೆಲವು ರಾತ್ರಿ "ಆರಕ್ಕೆ ಎಬ್ಬಿಸ್ತೀವಿ" ಅಂದರು, ಕೆಲವು ರಾತ್ರಿ "ಒಂಬತ್ತಕ್ಕೆ" ಅಂದರು. ಆರು ಅಂತ ಹೇಳಿದ ರಾತ್ರಿ, ಆರಕ್ಕೆ ಮೊದಲಿನ ಒಂದು ಗಂಟೆಯಲ್ಲಿ ರಕ್ತದಲ್ಲಿ ಎಸಿಟಿಎಚ್ ಏರಿತು. ಕಾರ್ಟಿಸಾಲ್ ಸುರಿಸು ಅಂತ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಆಜ್ಞೆ ಕೊಡುವ ಹಾರ್ಮೋನು ಅದು. ಒಂಬತ್ತು ಅಂತ ಹೇಳಿ ಸುಳಿವಿಲ್ಲದೆ ಆರಕ್ಕೇ ಎಬ್ಬಿಸಿದ ರಾತ್ರಿ ಆ ಮುಂಚಿನ ಏರು ಇರಲಿಲ್ಲ. ಗಾಢ ನಿದ್ದೆಯಲ್ಲೂ ದೇಹ ಹೊತ್ತು ಎಣಿಸುತ್ತಿತ್ತು. ಎಷ್ಟಕ್ಕೆ ಏಳಬೇಕು ಅನ್ನುವುದು ಅದಕ್ಕೆ ನೆನಪಿತ್ತು.

ಇದನ್ನು ಹೇಳಿದಾಗ ಅವರ ಕಣ್ಣು ತುಂಬಿಬಂತು. ಆ ಪ್ರಯೋಗ ಎಂಟು ತಿಂಗಳ ಅಭ್ಯಾಸದ ಬಗ್ಗೆ ಅಲ್ಲ, ದುಃಖದ ಬಗ್ಗೆಯೂ ಅಲ್ಲ ಅಂತ ಅವರಿಗೂ ಹೇಳಿದೆ. ಅವರ ಮೂರೂಮುಕ್ಕಾಲಿಗೆ ಅದನ್ನು ಜೋಡಿಸಿದ್ದು ನಾನು. ಆದರೆ ಆ ಕ್ಷಣಕ್ಕೆ ಅವರ ಪಾಲಿಗೆ ಒಂದು ಬದಲಾವಣೆ ಆಯಿತು. ದೇಹ ಕೆಟ್ಟಿದೆ ಅಂತ ಬಂದವರು, ದೇಹ ಇನ್ನೂ ಅಪ್ಪನ ಮಾತ್ರೆಗೆ ಏಳುತ್ತಿದೆ ಅಂತ ನೋಡಿದರು.

ಸಲಹೆಗೆ ಹೋಗುವ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆ ಕೇಳಿದೆ. ಬೆಳಗಿನ ಜಾವದ ಎಚ್ಚರ ಖಿನ್ನತೆಯ ಲಕ್ಷಣವೂ ಹೌದು. ಹಸಿವು ಹೇಗಿದೆ, ತೂಕ ಇಳಿದಿದೆಯಾ, ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸುತ್ತಾ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಾ. ಕೊನೆಯದನ್ನು ನೇರವಾಗಿಯೇ ಕೇಳುತ್ತೇನೆ, ಸುತ್ತಿ ಬಳಸುವುದಿಲ್ಲ. ಹೌದು ಅಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಅಂಥದ್ದು ಇರಲಿಲ್ಲ. ಆದರೂ ಥೈರಾಯ್ಡ್ ನೋಡಿಸಲು ಮತ್ತು ಮುಟ್ಟು ನಿಲ್ಲುವ ವಯಸ್ಸಿನ ಬದಲಾವಣೆ ಕೇಳಲು ವೈದ್ಯರ ಹತ್ತಿರ ಕಳಿಸಿದೆ. ಅಲ್ಲಿ ಏನೂ ತೊಂದರೆ ಕಾಣಲಿಲ್ಲ.

ಚೀಲದಲ್ಲಿ ಇನ್ನೊಂದು ವಸ್ತುವಿತ್ತು. ಕಾರ್ಟಿಸಾಲ್ ಇಳಿಸುತ್ತದೆ, ಅಡ್ರಿನಲ್ ಸುಸ್ತು ಹೋಗಿಸುತ್ತದೆ ಅಂತ ಬರೆದಿದ್ದ ಮಾತ್ರೆ ಡಬ್ಬಿ. ಅದನ್ನು ಬಿಡಿ ಅಂದೆ. ಅಡ್ರಿನಲ್ ಸುಸ್ತು, ಅಂದರೆ ಒತ್ತಡದಿಂದ ಆ ಗ್ರಂಥಿ ದಣಿಯುವುದು, ಅನ್ನುವ ಕಾಯಿಲೆಗೆ ವೈಜ್ಞಾನಿಕ ಆಧಾರವಿಲ್ಲ ಅಂತ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯೇ ಹೇಳಿದೆ. ಇಂಥ ಕೆಲವು ಮಾತ್ರೆಗಳನ್ನು ಪರೀಕ್ಷಿಸಿದಾಗ ಚೀಟಿಯಲ್ಲಿ ಬರೆಯದ ಥೈರಾಯ್ಡ್ ಮತ್ತು ಸ್ಟೀರಾಯ್ಡ್ ಹಾರ್ಮೋನುಗಳು ಸಿಕ್ಕಿದ್ದೂ ಉಂಟು. ನೊಂದು ಬಂದವರಿಗೆ ಇದನ್ನು ಮಾರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ದಿನಚರಿ ಕೇಳಿದೆ. ಇಲ್ಲಿ ಒಂದು ಲೆಕ್ಕ ಸಿಕ್ಕಿತು. ನಿದ್ದೆ ಕಡಿಮೆಯಾಗಿದೆ ಅಂತ ಅವರು ರಾತ್ರಿ ಒಂಬತ್ತಕ್ಕೇ ಮಲಗುತ್ತಿದ್ದರು. ಒಂಬತ್ತೂವರೆಗೆ ನಿದ್ದೆ. ಮೂರೂಮುಕ್ಕಾಲಿಗೆ ಆಗಲೇ ಆರು ಗಂಟೆಗಿಂತ ಹೆಚ್ಚು ನಿದ್ದೆ ಆಗಿರುತ್ತದೆ. ಮೇಲೆ ಮಧ್ಯಾಹ್ನ ಎರಡು ಗಂಟೆ ನಿದ್ದೆ. ಗಾಢ ನಿದ್ದೆ ಜಾಸ್ತಿ ಬರುವುದು ರಾತ್ರಿಯ ಮೊದಲ ಅರ್ಧದಲ್ಲಿ, ಅದು ಕಾರ್ಟಿಸಾಲನ್ನು ತಗ್ಗಿಸಿಯೂ ಇಡುತ್ತದೆ. ಮೂರೂಮುಕ್ಕಾಲರ ಹೊತ್ತಿಗೆ ಗಾಢ ನಿದ್ದೆ ಖರ್ಚಾಗಿದೆ, ಹಾರ್ಮೋನು ಏರುತ್ತಿದೆ. ಅಲ್ಲಿ ಯಾರನ್ನಾದರೂ ಎಬ್ಬಿಸುವುದು ಸುಲಭ. ಅವರ ದುಃಖಕ್ಕೆ ಬರೀ ಒಂದು ತಟ್ಟು ಸಾಕಿತ್ತು.

ಎಚ್ಚರವಾದ ಮೇಲೆ ಏನು ಮಾಡ್ತೀರಿ ಅಂದೆ. ಅಡುಗೆಮನೆಯ ದೀಪ ಹಾಕಿ, ಫೋನ್ ನೋಡುತ್ತಾ ಕೂರುತ್ತಾರಂತೆ. ಎರಡು ಕಣ್ಣಿನ ನರಗಳು ಕೂಡುವ ಜಾಗದ ಸ್ವಲ್ಪ ಮೇಲೆ, ಮೆದುಳಿನಲ್ಲಿ ಸುಮಾರು 20,000 ಜೀವಕೋಶಗಳ ಒಂದು ಗುಂಪಿದೆ. ದೇಹದ ಮುಖ್ಯ ಗಡಿಯಾರ ಅದು. ತನ್ನ ಪಾಡಿಗೆ ಬಿಟ್ಟರೆ ಅದರ ದಿನ 24 ಗಂಟೆಗಿಂತ ತುಸು ಉದ್ದ. ದಿನಾ ಬೆಳಕು ನೋಡಿ ಅದು ತನ್ನನ್ನು ಸರಿಮಾಡಿಕೊಳ್ಳುತ್ತದೆ. ಜಾವದಲ್ಲಿ ಬೀಳುವ ಬೆಳಕು ಅದನ್ನು ಮುಂಚಿನ ಹೊತ್ತಿಗೆ ಎಳೆಯಬಲ್ಲದು. ಬೆಳಗಾಯಿತು ಅಂತ ಅವರೇ ಅದಕ್ಕೆ ದಿನಾ ಸುಳ್ಳು ಹೇಳುತ್ತಿದ್ದರು.

ಹಾಗಾಗಿ ಮಲಗುವ ಹೊತ್ತನ್ನು ಹನ್ನೊಂದಕ್ಕೆ ತಳ್ಳಿದೆವು. ಏಳುವುದು ಆರಕ್ಕೆ, ರಜೆಯಿರಲಿ ಇಲ್ಲದಿರಲಿ. ಎದ್ದ ತಕ್ಷಣ ಬಯಲಿನ ಬೆಳಕಿಗೆ ಹೋಗಬೇಕು. ಹಗಲು ನಿದ್ದೆ ಪೂರ್ತಿ ಬಂದ್. ಕಾಫಿ ಮಧ್ಯಾಹ್ನದವರೆಗೆ ಮಾತ್ರ, ಯಾಕಂದರೆ ಕೆಫೀನ್ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು. ರಾತ್ರಿ ಎಚ್ಚರವಾದರೆ ಗಡಿಯಾರ ನೋಡಬಾರದು. ಇದರ ಮೇಲೆ ನಾನು ತುಂಬ ಒತ್ತು ಕೊಟ್ಟೆ. ಮೂರೂಮುಕ್ಕಾಲು ಅಂತ ಕಂಡ ಕೂಡಲೇ ಎದೆ ಮತ್ತೆ ಹಾರುತ್ತದೆ. ಇಪ್ಪತ್ತು ನಿಮಿಷ ಆಯಿತು ಅನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಸುಮ್ನೆ ಕೂತು, ತೂಕಡಿಕೆ ಬಂದಾಗ ಮತ್ತೆ ಹಾಸಿಗೆಗೆ.

ಮೊದಲ ವಾರ ನರಕ. ಫೋನ್ ಮಾಡಿ "ಮೊದಲಿಗಿಂತ ಜಾಸ್ತಿ ಸುಸ್ತು, ನಿಮ್ಮ ಮಾತು ಯಾಕಾದ್ರೂ ಕೇಳಿದೆನೋ" ಅಂತ ರೇಗಿದರು. ಹೀಗಾಗುತ್ತದೆ ಅಂತ ನಾನು ಇನ್ನೂ ಗಟ್ಟಿಯಾಗಿ ಎಚ್ಚರಿಸಬೇಕಿತ್ತು. ಆ ವಾರ ಗಾಡಿ ಓಡಿಸಬೇಡಿ ಅಂತ ಮಾತ್ರ ಮೊದಲೇ ಹೇಳಿದ್ದೆ.

ಮೂರನೇ ಭೇಟಿಯಲ್ಲಿ ನಾನು ನಿರೀಕ್ಷಿಸದ ಮಾತು ಬಂತು. ನಿದ್ದೆ ಸುಧಾರಿಸುತ್ತಿತ್ತು, ಅವರಿಗೆ ಸಂತೋಷ ಇರಲಿಲ್ಲ. "ಮಾತ್ರೆ ತಗೊಂಡ ಮೇಲೆ ನೋವು ಇಳಿಯೋವರೆಗೂ ಅಪ್ಪ ಮಾತಾಡ್ತಿದ್ರು. ಹಗಲೆಲ್ಲ ಮಾತಾಡ್ತಿರಲಿಲ್ಲ. ಆ ಹೊತ್ತೂ ಹೋದ್ರೆ ಏನು ಉಳೀತು?"

ಅವತ್ತು ಹಾರ್ಮೋನಿನ ಮಾತು ಎತ್ತಲಿಲ್ಲ. ತಂದೆ ಏನು ಮಾತಾಡುತ್ತಿದ್ದರು ಅಂತ ಕೇಳಿದೆ. ಒಂದು ಗಂಟೆ ಹೇಳಿದರು. ಕೊನೆಗೆ ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಆ ಹೊತ್ತನ್ನು ಕಳೆಯುವುದು ಬೇಡ, ಜಾಗ ಬದಲಿಸೋಣ. ಸಂಜೆ ಏಳೂವರೆಯಿಂದ ಎಂಟು, ತಂದೆಯ ಕುರ್ಚಿಯ ಪಕ್ಕ ಕೂತು, ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಅಳು ಬಂದರೆ ಅಳುವುದು. ಇದಕ್ಕೆ ನಾನು ಯಾವ ಪ್ರಯೋಗವನ್ನೂ ತೋರಿಸಲಾರೆ. ಆದರೆ ಈ ಪ್ರಕರಣದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾಗಿತ್ತು ಅಂತ ನಂಬಿದ್ದೇನೆ.

ಆರನೇ ಭೇಟಿಯ ಹೊತ್ತಿಗೆ ಎರಡು ವಾರದಲ್ಲಿ ನಾಲ್ಕು ರಾತ್ರಿ ಎಚ್ಚರವಾಗಿತ್ತು. ಮೂರು ಸಲ ಬೇಗ ಮತ್ತೆ ನಿದ್ದೆ ಹತ್ತಿತ್ತು. ಅವತ್ತು ಅವರು ಫೋನ್ ತೆರೆದು ಅಲಾರಾಂ ಪಟ್ಟಿ ತೋರಿಸಿದರು. ನಾಲ್ಕು ಗಂಟೆಯ ಅಲಾರಾಂ ಅಲ್ಲೇ ಇತ್ತಂತೆ, ಆರಿಸಿದ್ದರೇ ಹೊರತು ಅಳಿಸಿರಲಿಲ್ಲ. ಈಗ ಅದರ ಹೊತ್ತನ್ನು ಆರಕ್ಕೆ ಬದಲಿಸಿದ್ದರು. ಮೇಲಿದ್ದ ಹೆಸರು ಹಾಗೇ ಇತ್ತು: ಅಪ್ಪ, ಮಾತ್ರೆ.

"ನಿನ್ನೆ ಅದು ಬಡಿಯೋವರೆಗೂ ಮಲಗಿದ್ದೆ" ಅಂದರು. "ಬಡಿಯೋ ಶಬ್ದ ಹೇಗಿರುತ್ತೆ ಅಂತಾನೇ ಮರೆತುಹೋಗಿತ್ತು."